ಕಾಂಗೋ ಕಾಡಿನ ಸರೀಸೃಪಗಳನ್ನು ಗುರುತಿಸುವ ಬಗೆ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಪಾಟಿನಲ್ಲಿ ಒಂದು ಹಳೆಯ ಗಾಜಿನ ಜಾಡಿಯಿದೆ. ಅದರ ಮೇಲಿನ ಚೀಟಿಯಲ್ಲಿ ‘ಹಸುರು ಹಾವು’ ಎಂದು ಬರೆದಿದೆ. ಆದರೆ ಸ್ಪಿರಿಟ್ಟಿನಲ್ಲಿ ಸುರುಳಿ ಸುತ್ತಿಕೊಂಡಿರುವ ಆ ಹಾವಿನ ಬಣ್ಣ ಹಸುರಲ್ಲ, ಮಾಸಿದ ನೀಲಿ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಅದನ್ನು ನೋಡಿ, “ಸಾರ್, ಚೀಟಿಯನ್ನು ತಪ್ಪಾಗಿ ಅಂಟಿಸಿದ್ದಾರೆ” ಎಂದ. ಬಣ್ಣದ ಮಟ್ಟಿಗೆ ಚೀಟಿ ತಪ್ಪಾಗಿರಲಿಲ್ಲ. ಹಸುರು ಹಾವಿನ ಚರ್ಮದಲ್ಲಿ ಹಸುರು ಎಂಬ ವರ್ಣದ್ರವ್ಯವೇ ಇರುವುದಿಲ್ಲ. ಮೇಲಿನ ಪದರದಲ್ಲಿ ಹಳದಿಯ ವರ್ಣದ್ರವ್ಯವಿರುತ್ತದೆ. ಅದರ ಕೆಳಗೆ ನೀಲಿಯ ಬೆಳಕನ್ನು ಹಿಂದಕ್ಕೆ ಕಳುಹಿಸುವ ಸೂಕ್ಷ್ಮವಾದ ಹರಳುಗಳಿರುತ್ತವೆ. ಎರಡೂ ಕೂಡಿ ನಮ್ಮ ಕಣ್ಣಿಗೆ ಹಸುರಾಗಿ ತೋರುತ್ತವೆ. ಸ್ಪಿರಿಟ್ಟಿನಲ್ಲಿ ಹಳದಿ ಕರಗಿಹೋಗುತ್ತದೆ, ನೀಲಿ ಉಳಿಯುತ್ತದೆ.

ಹಾಗಾದರೆ ಬಣ್ಣವನ್ನು ನಂಬಿ ಪ್ರಾಣಿಯನ್ನು ಗುರುತಿಸುವುದು ಹೇಗೆ? ಬಣ್ಣ ಹೋದ ಮೇಲೆ ಉಳಿಯುವ ಗುರುತು ಯಾವುದು? ನಾನು ಭೌತಶಾಸ್ತ್ರವನ್ನು ಬೋಧಿಸುವವನು, ಪ್ರಾಣಿಶಾಸ್ತ್ರಜ್ಞನಲ್ಲ. ಆದರೂ ಈ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಾಗ ಅದು ನನ್ನನ್ನು ಬಹು ದೂರ, ಆಫ್ರಿಕಾ ಖಂಡದ ನಡುವಿನ ಕಾಂಗೋ ಕಾಡಿಗೆ ಕರೆದೊಯ್ದಿತು. ಪ್ರಾಣಿಯನ್ನು ಗುರುತಿಸುವುದೆಂದರೆ ಪ್ರಯೋಗಶಾಲೆಯಲ್ಲಿ ನಾವು ಮಾಡುವ ಅಳತೆಯಂತೆಯೇ ಒಂದು ಅಳತೆ. ಅದರಲ್ಲಿಯೂ ದೋಷಕ್ಕೆ ಎಡೆಯುಂಟು. ಮತ್ತು ಆ ದೋಷಕ್ಕೆ ಕೆಲವು ವೇಳೆ ತೆರಬೇಕಾದ ಬೆಲೆ ಬಹಳ ದೊಡ್ಡದು. ಇಷ್ಟು ಸಂಗತಿ ನನಗೆ ಆ ಓದಿನಿಂದ ಮನದಟ್ಟಾಯಿತು.

ಇತೂರಿಯ ಕಾಡು

ಭೂಮಧ್ಯರೇಖೆಗೆ ತುಸು ಉತ್ತರದಲ್ಲಿ, ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಈಶಾನ್ಯ ಭಾಗದಲ್ಲಿ, ಇತೂರಿ ಎಂಬ ನದಿ ಹರಿಯುತ್ತದೆ. ಮುಂದೆ ಅದು ಅರುವಿಮಿ ಎಂಬ ಹೆಸರನ್ನು ಪಡೆದು ಕಾಂಗೋ ಮಹಾನದಿಯನ್ನು ಸೇರುತ್ತದೆ. ಈ ನದಿಯ ಸುತ್ತ ಹಬ್ಬಿರುವ ಮಳೆಕಾಡೇ ಇತೂರಿಯ ಕಾಡು. ಎಂಬೂಟಿ, ಎಫೆ ಮೊದಲಾದ ಬೇಟೆಗಾರ ಜನಾಂಗಗಳಿಗೆ ಅದು ತಲೆತಲಾಂತರದಿಂದ ಮನೆ. ಜಿರಾಫೆಯ ಬಂಧುವಾದ ಓಕಾಪಿ ಎಂಬ ಪ್ರಾಣಿಯ ಹೆಸರಿನಲ್ಲಿ ಅಲ್ಲಿ ಒಂದು ವನ್ಯಜೀವಿಧಾಮವುಂಟು. ಅದನ್ನು 1996ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ, ಮರುವರ್ಷವೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಲಾಯಿತು.

1909ರಿಂದ 1915ರವರೆಗೆ ಹರ್ಬರ್ಟ್ ಲ್ಯಾಂಗ್ ಮತ್ತು ಜೇಮ್ಸ್ ಚೇಪಿನ್ ಎಂಬ ಇಬ್ಬರು, ಅಮೆರಿಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದ ಪರವಾಗಿ, ಅಂದಿನ ಬೆಲ್ಜಿಯನ್ ಕಾಂಗೋದ ಈ ಪ್ರಾಂತದಲ್ಲಿ ಸಂಚರಿಸಿದರು. ಸ್ಥಳೀಯ ಜನರ ನೆರವಿನಿಂದ ಅಪಾರ ಸಂಖ್ಯೆಯ ಪ್ರಾಣಿಗಳನ್ನು ಸಂಗ್ರಹಿಸಿ ನ್ಯೂಯಾರ್ಕಿಗೆ ತಂದರು. ಸರೀಸೃಪಗಳನ್ನು ವಿಂಗಡಿಸಿ ಹೆಸರಿಸುವ ಕೆಲಸ ಕಾರ್ಲ್ ಪ್ಯಾಟರ್ಸನ್ ಷ್ಮಿಟ್ ಎಂಬ ತರುಣನ ಪಾಲಿಗೆ ಬಂದಿತು. 1916ರಲ್ಲಿ ಆ ವಸ್ತುಸಂಗ್ರಹಾಲಯವನ್ನು ಸೇರಿದಾಗ ಆತನಿಗೆ ಇಪ್ಪತ್ತಾರು ವರ್ಷ. ಆಮೆ, ಮೊಸಳೆ, ಹಲ್ಲಿ, ಗೋಸುಂಬೆಗಳನ್ನು ಕುರಿತ ಮೊದಲ ಭಾಗವನ್ನು 1919ರಲ್ಲಿಯೂ ಹಾವುಗಳನ್ನು ಕುರಿತ ಎರಡನೆಯ ಭಾಗವನ್ನು 1923ರಲ್ಲಿಯೂ ಆತ ಪ್ರಕಟಿಸಿದ. ಇತೂರಿಯ ಹೆಸರನ್ನೇ ಹೊತ್ತ ಒಂದು ಗೋಸುಂಬೆಗೆ ಆ ಹೆಸರಿಟ್ಟವನೂ ಅವನೇ. ಅವನ ಮುಂದಿದ್ದುದು ಜೀವಂತ ಕಾಡಲ್ಲ, ಬಣ್ಣ ಮಾಸಿದ ಜಾಡಿಗಳ ಸಾಲು. ಈ ಷ್ಮಿಟ್ಟನನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ; ಲೇಖನದ ಕೊನೆಯಲ್ಲಿ ಆತನನ್ನು ನಾವು ಮತ್ತೆ ಕಾಣಲಿದ್ದೇವೆ.

ಕತ್ತಲೆಯಲ್ಲಿ ಕಾಣುವ ಉಪಾಯ

ಮಳೆಕಾಡಿಗೆ ಹೊಸದಾಗಿ ಹೋದವರಿಗೆ ಮೊದಲ ದಿನ ಉಂಟಾಗುವ ಅನುಭವ ನಿರಾಶೆ. ಅಷ್ಟೊಂದು ಜೀವಿಗಳಿವೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಮೊದಲನೆಯ ಕಾರಣ ಬೆಳಕು. ಮರಗಳ ನೆತ್ತಿಯ ಮೇಲೆ ಸುರಿಯುವ ಸೂರ್ಯಪ್ರಕಾಶದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ಎಲೆಗಳು ಕೆಂಪನ್ನೂ ನೀಲಿಯನ್ನೂ ಹೆಚ್ಚಾಗಿ ಹೀರಿಕೊಳ್ಳುವುದರಿಂದ ಉಳಿದು ಬರುವ ಬೆಳಕಿಗೆ ಹಸುರಿನ ಛಾಯೆಯಿರುತ್ತದೆ. ಇಂತಹ ಮಬ್ಬಿನಲ್ಲಿ, ಅಲ್ಲಲ್ಲಿ ಬಿಸಿಲಿನ ಚುಕ್ಕೆಗಳು ಬಿದ್ದ ತರಗೆಲೆಯ ಮೇಲೆ, ಗ್ಯಾಬೂನ್ ಮಂಡಲದ ಹಾವು ಮಲಗಿರುತ್ತದೆ.

ಈ ಹಾವು ನಮ್ಮ ಕೊಳಕುಮಂಡಲದ ಕುಟುಂಬಕ್ಕೆ ಸೇರಿದ್ದು. ಉದ್ದ ಸಾಮಾನ್ಯವಾಗಿ ಒಂದೂಕಾಲರಿಂದ ಒಂದೂವರೆ ಮೀಟರು. ಆದರೆ ಮೈ ಬಹು ದಪ್ಪ. ವಿಷದ ಹಲ್ಲು 5 ಸೆಂಟಿಮೀಟರಿನವರೆಗೂ ಬೆಳೆಯುವುದುಂಟು. ಹಾವುಗಳಲ್ಲೆಲ್ಲ ಇದೇ ಅತ್ಯಂತ ಉದ್ದವಾದ ಹಲ್ಲು. ಅದರ ತಲೆ ಒಣಗಿದ ಅಗಲ ಎಲೆಯಂತೆ ತಿಳಿಬಣ್ಣದ್ದು. ನಡುವೆ ಎಲೆಯ ನಾಳದಂತೆ ಒಂದು ತೆಳುವಾದ ಕಪ್ಪು ಗೆರೆ. ಮೈಮೇಲೆ ತಿಳಿಯ ಚೌಕಗಳು, ಕಂದು, ಊದಾ, ಕಪ್ಪು ಇವೆಲ್ಲ ಜಮಖಾನದ ಚಿತ್ತಾರದಂತೆ ಒಪ್ಪವಾಗಿ ಸೇರಿಕೊಂಡಿವೆ. ಕೈಗೆತ್ತಿಕೊಂಡು ನೋಡಿದರೆ ಎದ್ದುಕಾಣುವ ಈ ಚಿತ್ತಾರ ತರಗೆಲೆಯ ಮೇಲೆ ಮಾತ್ರ ಕಾಣದಾಗುತ್ತದೆ. ಏಕೆಂದರೆ ಅದು ಹಾವಿನ ಅಂಚನ್ನು ಒಡೆದು ತುಂಡುತುಂಡು ಮಾಡುತ್ತದೆ. ಪಶ್ಚಿಮ ಆಫ್ರಿಕಾದಲ್ಲಿರುವ ಇದರ ಸಮೀಪದ ಬಂಧುವಿನ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2013ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಂದು ಸ್ವಾರಸ್ಯವನ್ನು ತಿಳಿಸಿದರು. ಕಪ್ಪು ಭಾಗದ ಹುರುಪೆಗಳ ಮೇಲೆ ಎಲೆಯಾಕಾರದ ಅತಿಸೂಕ್ಷ್ಮ ಉಬ್ಬುಗಳು ಒತ್ತಾಗಿ ನಿಂತಿವೆ. ಬಿದ್ದ ಬೆಳಕು ಅವುಗಳ ಸಂದಿನಲ್ಲಿ ಮತ್ತೆ ಮತ್ತೆ ಚದರಿ ಅಲ್ಲಿಯೇ ಹೀರಿಹೋಗುತ್ತದೆ. ಆದುದರಿಂದಲೇ ಆ ಕಪ್ಪು ಹೊಳೆಯುವುದಿಲ್ಲ; ಮಖಮಲ್ಲಿನಂತೆ ಆಳವಾಗಿ, ನೆರಳೇ ಎಂಬಂತೆ ಕಾಣುತ್ತದೆ.

ಎರಡನೆಯ ಕಾರಣ ಶಾಖ. ಸರೀಸೃಪಗಳು ತಮ್ಮ ಮೈಯ ಶಾಖವನ್ನು ಹೊರಗಿನಿಂದ ಪಡೆಯುತ್ತವೆ. ದಟ್ಟ ಕಾಡಿನ ನೆಲದಲ್ಲಿ ಬಿಸಿಲೆಂಬುದು ಅಪರೂಪದ ಸಂಪತ್ತು. ಆದಕಾರಣ ಬಿಸಿಲು ಕಾಯಿಸಿಕೊಳ್ಳುವ ಹಾವರಾಣಿಯಂತಹ ಪ್ರಾಣಿಗಳನ್ನು ನೋಡಬಯಸುವವನು ಇಡೀ ಕಾಡನ್ನು ಅಲೆಯಬೇಕಾಗಿಲ್ಲ. ಮರ ಉರುಳಿ ಬಯಲಾದ ಜಾಗ, ಹೊಳೆಯ ದಡ, ಹಾದಿಯ ಅಂಚು ಇವುಗಳ ಬಳಿ ಕಾದು ಕುಳಿತರೆ ಸಾಕು. ಎತ್ತರದ ಕಾಂಡಗಳ ಮೇಲೆ ಹೊಲಾಸ್ಪಿಸ್ ಎಂಬ ಚಿಕ್ಕ ಹಲ್ಲಿಯುಂಟು. ಮೈ ಚಪ್ಪಟೆ, ಕಪ್ಪಿನ ಮೇಲೆ ಹಳದಿಯ ಪಟ್ಟೆ, ಬಾಲ ಉಜ್ಜ್ವಲವಾದ ನೀಲಿ. ಇದು ಮೈಯನ್ನು ಇನ್ನಷ್ಟು ಚಪ್ಪಟೆಮಾಡಿಕೊಂಡು ಮರದಿಂದ ಮರಕ್ಕೆ ತೇಲಿಹೋಗಬಲ್ಲುದು.

ನಿಜವಾಗಿ ಸರೀಸೃಪಗಳನ್ನು ಕಾಣಲು ಒಳ್ಳೆಯ ಹೊತ್ತು ರಾತ್ರಿ. ಹಗಲು ಎಲೆಗಳ ನಡುವೆ ಎಷ್ಟು ಹುಡುಕಿದರೂ ಸಿಕ್ಕದ ಗೋಸುಂಬೆಗಳು ರಾತ್ರಿ ಕಡ್ಡಿಗಳ ತುದಿಯಲ್ಲಿ ಮಲಗಿರುತ್ತವೆ. ನಿದ್ರೆಯಲ್ಲಿ ಅವುಗಳ ಬಣ್ಣ ಬಿಳಿಚಿಕೊಳ್ಳುವುದರಿಂದ ಟಾರ್ಚಿನ ಬೆಳಕಿಗೆ ಅವು ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಗೆ ಎದ್ದು ತೋರುತ್ತವೆ. ಪೂರ್ವ ಕಾಂಗೋದಲ್ಲಿ ಹೆಬ್ಬೆರಳಿಗಿಂತ ತುಸು ಉದ್ದವಾದ, ಒಣಗಿದ ಎಲೆಯನ್ನೇ ಹೋಲುವ ಮೋಟುಬಾಲದ ಗೋಸುಂಬೆಯೊಂದಿದೆ. ಅದನ್ನು ಹಗಲಿನಲ್ಲಿ ಕಂಡವರು ವಿರಳ. ರಾತ್ರಿ ಗಿಡದ ಬುಡದ ಕಡ್ಡಿಗಳ ಮೇಲೆ ಹುಡುಕಿದರೆ ದೊರೆಯುತ್ತದೆ.

ಮೊಸಳೆಯನ್ನು ಕಾಣುವ ಉಪಾಯ ಬೇರೆ. ಅದರ ಕಣ್ಣಿನ ಪರದೆಯ ಹಿಂದೆ ಗ್ವಾನಿನ್ ಎಂಬ ವಸ್ತುವಿನ ಹರಳುಗಳ ಪದರವೊಂದು ಕನ್ನಡಿಯಂತೆ ವರ್ತಿಸುತ್ತದೆ. ಕಣ್ಣಿನ ಮಸೂರ ಒಳಬಂದ ಬೆಳಕನ್ನು ಆ ಪದರದ ಮೇಲೆ ಕೂಡಿಸುತ್ತದೆ. ಪ್ರತಿಫಲಿಸಿದ ಬೆಳಕು ಅದೇ ಮಸೂರದ ಮೂಲಕ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಹಿಂದಿರುಗಿದ ಬೆಳಕು ಸೊಂಟಕ್ಕೇ ಬರುವುದು, ಕಣ್ಣಿಗೆ ಬಾರದು. ಅದನ್ನು ಹಣೆಗೆ ಕಟ್ಟಿಕೊಂಡರೆ ಅಥವಾ ಕಣ್ಣಿನ ಪಕ್ಕದಲ್ಲಿ ಹಿಡಿದರೆ ಮಾತ್ರ ಕತ್ತಲೆಯ ಹೊಳೆಯಲ್ಲಿ ಎರಡು ಕೆಂಪು ಕೆಂಡಗಳು ಕಾಣಿಸುತ್ತವೆ. ಹಾವುಗಳಿಗೂ ಗೋಸುಂಬೆಗಳಿಗೂ ಇಂತಹ ಹೊಳಪಿಲ್ಲ. ಅವುಗಳನ್ನು ಆಕಾರದಿಂದಲೇ ಹುಡುಕಬೇಕು.

ಹಸುರು ಹಾವುಗಳ ಗೊಂದಲ

ಕಂಡದ್ದಾಯಿತು, ಇನ್ನು ಗುರುತಿಸುವ ಮಾತು. ಕಾಂಗೋ ಕಾಡಿನಲ್ಲಿ ಕೊಂಬೆಯ ಮೇಲೆ ಒಂದು ತೆಳ್ಳಗಿನ ಹಸುರು ಹಾವು ಕಂಡಿತೆನ್ನೋಣ. ಅದು ಫಿಲೋತಾಮ್ನಸ್ ಎಂಬ ನಿರುಪದ್ರವಿ ಪೊದೆಹಾವಾಗಿರಬಹುದು. ಕಪ್ಪೆ ಹಲ್ಲಿಗಳನ್ನು ತಿಂದು ಬದುಕುವ ಅದರಿಂದ ಮನುಷ್ಯನಿಗೆ ಯಾವ ಕೇಡೂ ಇಲ್ಲ. ಅಥವಾ ಅದು ಜೇಮ್ಸನ್ನನ ಮಾಂಬಾ ಆಗಿರಬಹುದು. ನಾಗರಹಾವಿನ ಕುಟುಂಬಕ್ಕೆ ಸೇರಿದ ಅದರ ವಿಷ ನರಗಳನ್ನು ಕಟ್ಟಿಹಾಕಿ ಕೊಲ್ಲಬಲ್ಲುದು. ಎರಡೂ ಹಸುರು, ಎರಡೂ ನೀಳ, ಎರಡೂ ಹಗಲಿನಲ್ಲಿ ಮರದ ಮೇಲೆ ಸಂಚರಿಸುತ್ತವೆ.

ಬಣ್ಣ ಇನ್ನೊಂದು ಬಗೆಯಲ್ಲಿಯೂ ಮೋಸಮಾಡುತ್ತದೆ. ಅಥೆರಿಸ್ ಎಂಬ ಪೊದೆಮಂಡಲದಲ್ಲಿ ಒಂದೇ ಪ್ರಭೇದಕ್ಕೆ ಸೇರಿದ ಹಾವುಗಳು ಹಸುರು, ಹಳದಿ, ಕಂದು, ಕೆಂಪುಛಾಯೆ ಹೀಗೆ ನಾನಾ ಬಣ್ಣಗಳಲ್ಲಿ ಕಾಣಬರುತ್ತವೆ. ಬಣ್ಣವನ್ನೇ ನಂಬಿದವನು ಎರಡು ಪ್ರಭೇದಗಳನ್ನು ಒಂದೆಂದೂ, ಒಂದು ಪ್ರಭೇದವನ್ನು ನಾಲ್ಕೆಂದೂ ಎಣಿಸಿಬಿಡಬಹುದು.

ಇನ್ನು ಗೋಸುಂಬೆಯ ವಿಷಯ ಹೇಳಲೇಬೇಕಾಗಿಲ್ಲ. ಅದರ ಬಣ್ಣ ಬದಲಾಗುವ ಬಗೆಯನ್ನು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಮಡಗಾಸ್ಕರಿನ ಒಂದು ಪ್ರಭೇದದಲ್ಲಿ ವಿಶದಪಡಿಸಿದರು. ಮೊಸಳೆಯ ಕಣ್ಣಿನಲ್ಲಿ ನಾವು ಕಂಡ ಗ್ವಾನಿನ್ ಇಲ್ಲಿಯೂ ಬರುತ್ತದೆ. ಚರ್ಮದ ಜೀವಕೋಶಗಳೊಳಗೆ ಅದರ ಅತಿಸೂಕ್ಷ್ಮ ಹರಳುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿವೆ. ಪ್ರಾಣಿ ಶಾಂತವಾಗಿರುವಾಗ ಹರಳುಗಳ ನಡುವಣ ಅಂತರ ಕಡಿಮೆ; ಆಗ ಕಿರಿದಾದ ಅಲೆಯುದ್ದದ ನೀಲಿ ಹಿಂದಿರುಗುತ್ತದೆ. ಅದು ಮೇಲಿನ ಹಳದಿಯೊಡನೆ ಕೂಡಿ ಹಸುರೆನಿಸುತ್ತದೆ. ಎದುರಾಳಿಯನ್ನು ಕಂಡು ಕೆರಳಿದಾಗ ಅಂತರ ಹಿಗ್ಗುತ್ತದೆ. ದೀರ್ಘವಾದ ಅಲೆಯುದ್ದದ ಬೆಳಕು ಹಿಂದಿರುಗಿ ಚರ್ಮ ಹಳದಿ, ಕಿತ್ತಳೆಗಳತ್ತ ತಿರುಗುತ್ತದೆ. ತರಗತಿಯಲ್ಲಿ ಹರಳುಗಳಿಂದ ಕ್ಷಕಿರಣಗಳು ಪ್ರತಿಫಲಿಸುವ ಬ್ರ್ಯಾಗ್ ನಿಯಮವನ್ನು ಕಲಿತ ವಿದ್ಯಾರ್ಥಿಗಳಿಗೆ ಇದರ ತತ್ತ್ವ ಪರಿಚಿತವೇ. ಕ್ಷಣಕ್ಷಣಕ್ಕೂ ಬದಲಾಗುವ ಈ ಗುಣ ಗೋಸುಂಬೆಯ ಮನಃಸ್ಥಿತಿಯನ್ನು ತಿಳಿಸಬಹುದೇ ಹೊರತು ಅದರ ಪ್ರಭೇದವನ್ನಲ್ಲ. ಗೋಸುಂಬೆಯನ್ನು ಗುರುತಿಸಬೇಕಾದರೆ ತಲೆಯ ಕಿರೀಟದ ಆಕಾರ, ಮೂಗಿನ ಮೇಲಿನ ಕೋಡು, ಗಂಟಲಿನ ಮತ್ತು ಬೆನ್ನಿನ ಏಣಿನ ಮೇಲಿರುವ ಮುಳ್ಳುಸಾಲು ಇವುಗಳನ್ನು ನೋಡಬೇಕು.

ಹುರುಪೆಯ ಎಣಿಕೆ

ಷ್ಮಿಟ್ಟನಂತಹವರು ಬಣ್ಣ ಮಾಸಿದ ಜಾಡಿಗಳಿಂದ ಹೆಸರುಗಳನ್ನು ಹೇಗೆ ಹೊರತೆಗೆದರೆಂಬುದು ಈಗ ಸ್ಪಷ್ಟವಾಗುತ್ತದೆ. ಅವರು ಎಣಿಸಿದರು. ಹಾವಿನ ಮೈಯನ್ನು ಮುಚ್ಚಿರುವ ಹುರುಪೆಗಳು ಎಲ್ಲೆಂದರಲ್ಲಿ ಹರಡಿದವಲ್ಲ, ಅವು ಸಾಲುಸಾಲಾಗಿವೆ. ಮೈಯ ನಡುಭಾಗದಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓರೆಯಾಗಿ ಎಣಿಸಿದರೆ ಸಾಲುಗಳ ಸಂಖ್ಯೆ ಸಿಗುತ್ತದೆ. ಫಿಲೋತಾಮ್ನಸ್ಸಿನಲ್ಲಿ ಅದು ಸಾಮಾನ್ಯವಾಗಿ 15. ಗ್ಯಾಬೂನ್ ಮಂಡಲದಲ್ಲಿ 28ರಿಂದ 46. ಹುರುಪೆ ನುಣುಪೇ ಅಥವಾ ನಡುವೆ ಏಣುಳ್ಳದ್ದೇ, ಹೊಟ್ಟೆಯ ಅಗಲ ಪಟ್ಟಿಗಳೆಷ್ಟು, ಬಾಲದ ಕೆಳಗಿನ ಪಟ್ಟಿಗಳು ಒಂಟಿಯೇ ಜೋಡಿಯೇ, ಗುದದ್ವಾರವನ್ನು ಮುಚ್ಚುವ ಪಟ್ಟಿ ಇಡಿಯೇ ಇಬ್ಭಾಗವೇ ಎಂಬಿವು ಉಳಿದ ಗುರುತುಗಳು. ಇವು ಹುಟ್ಟಿನಿಂದ ಸಾವಿನವರೆಗೂ ಬದಲಾಗುವುದಿಲ್ಲ. ಸ್ಪಿರಿಟ್ಟಿನಲ್ಲಿಯೂ ಕರಗುವುದಿಲ್ಲ.

ಇದರಲ್ಲಿ ಇನ್ನೊಂದು ಅನುಕೂಲವುಂಟು. ಹಾವು ಕಳಚಿಹೋದ ಪೊರೆಯಲ್ಲಿ ಈ ಸಾಲುಗಳೆಲ್ಲ ಅಚ್ಚೊತ್ತಿದಂತೆ ಉಳಿದಿರುತ್ತವೆ. ಪೊರೆ ಹಾವಿಗಿಂತ ಉದ್ದವಾಗಿ ಹಿಗ್ಗಿರುವುದರಿಂದ ಅಳತೆ ತಪ್ಪಬಹುದು, ಎಣಿಕೆ ತಪ್ಪದು. ಹಾವನ್ನು ಮುಟ್ಟದೆಯೇ ಅದರ ಗುರುತನ್ನು ಹಿಡಿಯಲು ಇದಕ್ಕಿಂತ ನಿರಪಾಯವಾದ ದಾರಿಯಿಲ್ಲ.

ಆದರೆ ಎಣಿಕೆಯೊಂದರಿಂದಲೇ ಎಲ್ಲವೂ ಬಗೆಹರಿಯುವುದೆಂದು ಭಾವಿಸಬಾರದು. ಜೇಮ್ಸನ್ನನ ಮಾಂಬಾದಲ್ಲಿಯೂ ಸಾಲುಗಳು ಸಾಮಾನ್ಯವಾಗಿ 15 ಅಥವಾ 17; ಹುರುಪೆಗಳೂ ನುಣುಪು. ಪೊದೆಹಾವಿನಿಂದ ಅದನ್ನು ಬೇರ್ಪಡಿಸುವ ಖಚಿತವಾದ ಗುರುತು ತಲೆಯ ಪಕ್ಕದಲ್ಲಿದೆ. ಪೊದೆಹಾವಿನಲ್ಲಿ ಮೂಗಿನ ಹುರುಪೆಗೂ ಕಣ್ಣಿನ ಮುಂದಿನ ಹುರುಪೆಗೂ ನಡುವೆ ಇನ್ನೊಂದು ಪುಟ್ಟ ಹುರುಪೆಯಿರುತ್ತದೆ. ಮಾಂಬಾದಲ್ಲಿ, ನಮ್ಮ ನಾಗರಹಾವಿನಲ್ಲಿರುವಂತೆಯೇ, ಅದಿಲ್ಲ. ದೂರದಿಂದ ನೋಡುವವನಿಗೆ ತಲೆಯ ಉದ್ದ, ಕಣ್ಣಿನ ಗಾತ್ರ ಇವು ನೆರವಾಗುತ್ತವೆ: ಪೊದೆಹಾವಿನ ಕಣ್ಣು ತಲೆಗೆ ಹೋಲಿಸಿದರೆ ದೊಡ್ಡದು, ಮಾಂಬಾದ ತಲೆ ನೀಳ, ಕಣ್ಣು ಅದಕ್ಕೆ ತಕ್ಕಂತೆ ಚಿಕ್ಕದು.

ಕಣ್ಣಿನ ಪಾಪೆಯೂ ಒಂದು ಒಳ್ಳೆಯ ಗುರುತು. ಮಂಡಲಗಳಲ್ಲಿ ಅದು ನಿಂತ ಸೀಳು, ಮಾಂಬಾದಲ್ಲಿ ದುಂಡು, ಕಡ್ಡಿಹಾವೆಂದು ಕರೆಯಬಹುದಾದ ತೆಲೊಟಾರ್ನಿಸ್ಸಿನಲ್ಲಿ ಬೀಗದ ಕೈಯ ಕಂಡಿಯಂತೆ ಅಡ್ಡಲಾಗಿದೆ. ಒಣಕಡ್ಡಿಯಂತಹ ಮೈಯ ಈ ಹಾವು ಎರಡು ಕಣ್ಣುಗಳನ್ನೂ ಮುಂದಕ್ಕೆ ನೆಟ್ಟು ದೂರವನ್ನು ಅಂದಾಜುಮಾಡಿ ಗೋಸುಂಬೆಗಳನ್ನು ಹಿಡಿಯುತ್ತದೆ. ನಮ್ಮ ಮಲೆನಾಡಿನ ಹಸುರು ಹಾವಿನ ಪಾಪೆಯೂ ಅಡ್ಡ ಸೀಳೇ. ಎರಡೂ ಹತ್ತಿರದ ಬಂಧುಗಳೇನಲ್ಲ. ಒಂದೇ ಬಗೆಯ ಬೇಟೆ ಎರಡು ಖಂಡಗಳಲ್ಲಿ ಒಂದೇ ಬಗೆಯ ಕಣ್ಣನ್ನು ರೂಪಿಸಿದೆ.

ಎಲ್ಲಿ ಕಂಡಿತೆಂಬುದೂ ಒಂದು ಗುರುತು

ಪಶ್ಚಿಮ ಆಫ್ರಿಕಾದ ಮಳೆಕಾಡನ್ನೂ ಮಧ್ಯ ಆಫ್ರಿಕಾದ ಮಳೆಕಾಡನ್ನೂ ಭೂಪಟದಲ್ಲಿ ನೋಡಿದರೆ, ಟೋಗೋ ಮತ್ತು ಬೆನಿನ್ ದೇಶಗಳ ಬಳಿ ಒಂದು ಬಿರುಕು ಕಾಣುತ್ತದೆ. ಅಲ್ಲಿ ಹುಲ್ಲುಗಾವಲು ಕಡಲಂಚಿನವರೆಗೂ ಚಾಚಿಕೊಂಡಿದೆ. ಇದಕ್ಕೆ ದಾಹೋಮಿ ಬಿರುಕೆಂದು ಹೆಸರು. ಕಾಡನ್ನು ಬಿಟ್ಟು ಬದುಕಲಾರದ ಪ್ರಾಣಿಗೆ ಇದು ಸಮುದ್ರದಷ್ಟೇ ದೊಡ್ಡ ತಡೆ. ಬಿರುಕಿನ ಪಶ್ಚಿಮಕ್ಕಿರುವ ಗ್ಯಾಬೂನ್ ಮಂಡಲಕ್ಕೆ ಮೂಗಿನ ಮೇಲೆ ದೊಡ್ಡ ಕೋಡುಗಳು, ಕಣ್ಣಿನ ಕೆಳಗೆ ಒಂದೇ ಕಪ್ಪು ತ್ರಿಕೋನ. ಪೂರ್ವದ್ದಕ್ಕೆ ಕೋಡು ಅತಿ ಚಿಕ್ಕದು, ತ್ರಿಕೋನಗಳು ಎರಡು. ಬಹುಕಾಲ ಒಂದೇ ಪ್ರಭೇದದ ಉಪಭೇದಗಳೆನಿಸಿದ್ದ ಇವು ಬೇರೆಬೇರೆ ಪ್ರಭೇದಗಳೆಂದು 1999ರಲ್ಲಿ ಅನುವಂಶೀಯ ಪರೀಕ್ಷೆಗಳು ಸೂಚಿಸಿದವು. ಕಾಡಿನ ನಾಗರಹಾವಿನ ಕಥೆಯೂ ಇಂತಹುದೇ. ಒಂದೆಂದು ತಿಳಿದಿದ್ದ ಅದನ್ನು 2018ರಲ್ಲಿ ಐದು ಪ್ರಭೇದಗಳಾಗಿ ವಿಂಗಡಿಸಲಾಯಿತು. ಉದ್ದಮೂತಿಯ ಮೊಸಳೆಯೂ ಅದೇ ವರ್ಷ ಎರಡಾಯಿತು: ಕ್ಯಾಮರೂನಿನ ಜ್ವಾಲಾಮುಖಿ ಪರ್ವತಗಳ ಸಾಲಿನ ಪಶ್ಚಿಮಕ್ಕೊಂದು, ಕಾಂಗೋ ಕಡೆಗೊಂದು.

ಇಲ್ಲಿ ಷ್ಮಿಟ್ಟನ ಹೆಸರು ಮತ್ತೆ ಬರುತ್ತದೆ. ಕಾಡಿನ ತೊರೆಗಳಲ್ಲಿ ವಾಸಿಸುವ ಕುಳ್ಳಮೊಸಳೆ ಒಂದೂವರೆ ಮೀಟರಿನಷ್ಟು ಬೆಳೆಯುವ, ಮೋಟುಮೂತಿಯ, ಕಣ್ಣರೆಪ್ಪೆಯಲ್ಲಿ ಎಲುಬುಳ್ಳ ಪ್ರಾಣಿ. ಲ್ಯಾಂಗ್ ಮತ್ತು ಚೇಪಿನ್ ತಂದ ಕೆಲವು ಮಾದರಿಗಳನ್ನು ಪರೀಕ್ಷಿಸಿ, ಇವು ಪಶ್ಚಿಮ ಆಫ್ರಿಕಾದ ಕುಳ್ಳಮೊಸಳೆಯಲ್ಲ, ಬೇರೆಯೇ ಎಂದು ಷ್ಮಿಟ್ 1919ರಲ್ಲಿ ‘ಆಸ್ಬೋರ್ನೀ’ ಎಂಬ ಹೆಸರು ಕೊಟ್ಟ. ಮುಂದಿನವರು ಅದನ್ನು ಒಪ್ಪಲಿಲ್ಲ. ಕೇವಲ ಉಪಭೇದವೆಂದು ಇಳಿಸಿದರು. ತೊಂಬತ್ತು ವರ್ಷಗಳ ಅನಂತರ, 2009ರಲ್ಲಿ, ಡಿ. ಎನ್. ಎ. ಪರೀಕ್ಷೆ ಕಾಂಗೋ ನದೀಪ್ರದೇಶದ ಕುಳ್ಳಮೊಸಳೆ ಪ್ರತ್ಯೇಕವೆಂದೇ ತೋರಿಸಿತು. ಎಲುಬು ಹುರುಪೆಗಳನ್ನು ಅಳೆದು ನೋಡಿದ ಕಣ್ಣು ಸರಿಯಾಗಿಯೇ ನೋಡಿತ್ತು.

ಹೆಸರಿನ ಈ ಚರ್ಚೆಯಿಂದ ಯಾರಿಗೇನು ಲಾಭವೆಂದು ಕೇಳಬಹುದು. ಕಾಂಗೋ ಪ್ರದೇಶದಲ್ಲಿ ಕುಳ್ಳಮೊಸಳೆಯನ್ನು ಮಾಂಸಕ್ಕಾಗಿ ಹೇರಳವಾಗಿ ಹಿಡಿದು ಮಾರುತ್ತಾರೆ. ಎರಡು ಪ್ರಭೇದಗಳನ್ನು ಒಂದೆಂದು ಎಣಿಸಿದಾಗ, ಒಂದು ಅಳಿದುಹೋಗುತ್ತಿದ್ದರೂ ಇನ್ನೊಂದರ ಸಂಖ್ಯೆ ಅದನ್ನು ಮರೆಸಿಬಿಡುತ್ತದೆ. ಲೆಕ್ಕದಲ್ಲಿಲ್ಲದ ಪ್ರಾಣಿಯನ್ನು ಕಾಪಾಡುವುದು ಯಾವ ಸರಕಾರಕ್ಕೂ ಸಾಧ್ಯವಿಲ್ಲ.

ಷಿಕಾಗೋದಲ್ಲಿ ಒಂದು ದಿನ

ತಪ್ಪು ಗುರುತಿನ ಇನ್ನೊಂದು ಬೆಲೆ ಮನುಷ್ಯನ ಪ್ರಾಣ. ಕಾಂಗೋದ ಗ್ರಂಥಗಳನ್ನು ಬರೆದ ಷ್ಮಿಟ್ ಮುಂದೆ ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಶಾಸ್ತ್ರದ ಮುಖ್ಯಸ್ಥನಾಗಿ, ಜಗತ್ತಿನ ಪ್ರಸಿದ್ಧ ಸರೀಸೃಪ ತಜ್ಞರಲ್ಲಿ ಒಬ್ಬನಾದ. 1957ರ ಸೆಪ್ಟೆಂಬರ್ 25ರಂದು, ಅಲ್ಲಿಯ ಮೃಗಾಲಯದಿಂದ ಗುರುತಿಸಲೆಂದು ಕಳುಹಿಸಿದ್ದ ಒಂದು ಎಳೆಯ ಆಫ್ರಿಕನ್ ಹಾವನ್ನು ಆತನ ಮುಂದೆ ತರಲಾಯಿತು. ಉದ್ದ ಸುಮಾರು 76 ಸೆಂಟಿಮೀಟರು. ತಲೆಯ ಆಕಾರ, ಬಣ್ಣ, ಏಣುಳ್ಳ ಹುರುಪೆ ಎಲ್ಲವೂ ಬೂಮ್‌ಸ್ಲಾಂಗ್ ಎಂಬ ಮರಹಾವನ್ನೇ ಸೂಚಿಸುತ್ತಿದ್ದವು. ದಟ್ಟ ಕಾಡಿಗಿಂತ ಕಾಡಂಚಿನಲ್ಲಿ ಮತ್ತು ಮರಗಳಿರುವ ಬಯಲಿನಲ್ಲಿ ಹೆಚ್ಚಾಗಿರುವ ಹಾವು ಅದು. ದವಡೆಯ ಹಿಂಭಾಗದಲ್ಲಿ ವಿಷದ ಹಲ್ಲುಗಳಿವೆ. ಆದರೆ ಒಂದು ಗುರುತು ಮಾತ್ರ ಹೊಂದಲಿಲ್ಲ. ಬೂಮ್‌ಸ್ಲಾಂಗಿನಲ್ಲಿ ಇಬ್ಭಾಗವಾಗಿರಬೇಕಾದ ಗುದದ ಪಟ್ಟಿ ಈ ಹಾವಿನಲ್ಲಿ ಇಡಿಯಾಗಿತ್ತು. ಷ್ಮಿಟ್ ಅನುಮಾನಿಸಿದ. ಹಾವನ್ನು ಕೈಗೆ ತೆಗೆದುಕೊಂಡ. ಅದು ಎಡಗೈಯ ಹೆಬ್ಬೆರಳನ್ನು ಕಚ್ಚಿತು.

ಗಾಯ ಬಹಳ ಸಣ್ಣದು, ಹಾವೂ ಚಿಕ್ಕದು. ಆ ಕಾಲದಲ್ಲಿ ಬೂಮ್‌ಸ್ಲಾಂಗಿನ ವಿಷವನ್ನು ಅನೇಕರು ಅಷ್ಟು ಭಯಂಕರವೆಂದು ಎಣಿಸಿರಲಿಲ್ಲ. ಷ್ಮಿಟ್ ಮನೆಗೆ ಹೋಗಿ, ಒಬ್ಬ ವಿಜ್ಞಾನಿಯ ಶಾಂತಿಯಿಂದ, ತನ್ನ ಮೈಯಲ್ಲಿ ಆಗುತ್ತಿದ್ದ ಬದಲಾವಣೆಗಳನ್ನು ಹೊತ್ತುಹೊತ್ತಿಗೆ ಬರೆದಿಟ್ಟ: ಓಕರಿಕೆ, ಚಳಿ, ಒಸಡಿನಿಂದ ರಕ್ತ. ಆ ಹಾವಿನ ವಿಷ ರಕ್ತದಲ್ಲಿ ಹೆಪ್ಪುಗಟ್ಟುವ ಶಕ್ತಿಯನ್ನೇ ಮೆಲ್ಲಮೆಲ್ಲನೆ ಮುಗಿಸಿಬಿಡುತ್ತದೆ. ಬಳಿಕ ರಕ್ತ ಒಳಗೊಳಗೇ ಸೋರುತ್ತದೆ. ಮರುದಿನ ಬೆಳಗ್ಗೆ ತುಸು ಗೆಲುವಾಗಿದ್ದ ಆತ ಮಧ್ಯಾಹ್ನದ ಅನಂತರ ತೀರಿಕೊಂಡ. ಆಗ ಆತನಿಗೆ 67 ವರ್ಷ. ಆ ಬರಹವನ್ನು ಸಹೋದ್ಯೋಗಿಯೊಬ್ಬರು ಮರುವರ್ಷ ಪ್ರಕಟಿಸಿದರು. ಬೂಮ್‌ಸ್ಲಾಂಗಿನ ಕಡಿತವನ್ನು ಅಲಕ್ಷಿಸಬಾರದೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಾಗಿರಲಿಲ್ಲ.

ಆದರೂ 1975ರಲ್ಲಿ ಇಂತಹುದೇ ದುರಂತ ಮತ್ತೊಮ್ಮೆ ನಡೆಯಿತು. ಫ್ರಾಂಕ್‌ಫರ್ಟಿನ ಹೆಸರಾಂತ ಸರೀಸೃಪ ತಜ್ಞ ರಾಬರ್ಟ್ ಮೆರ್ಟೆನ್ಸ್, ತಾನೇ ಸಾಕಿದ್ದ ತೆಲೊಟಾರ್ನಿಸ್ ಪಂಗಡದ ಕಡ್ಡಿಹಾವು ಕಚ್ಚಿ, ಹದಿನೆಂಟು ದಿನ ನರಳಿ ಮೃತನಾದ. ಆ ಹಾವಿನ ವಿಷಕ್ಕೆ ಇಂದಿಗೂ ಪ್ರತಿವಿಷವಿಲ್ಲ.

ಇವರಾರೂ ಅಜ್ಞಾನಿಗಳಲ್ಲ. ಷ್ಮಿಟ್ಟನ ಸಂಗತಿಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ಪಾಠವುಂಟು. ಪ್ರಯೋಗದಲ್ಲಿ ಹತ್ತು ಅಳತೆಗಳು ಒಂದು ಬೆಲೆಯನ್ನೂ ಹನ್ನೊಂದನೆಯದು ಮಾತ್ರ ಬೇರೊಂದನ್ನೂ ತೋರಿದರೆ ನಾವು ಹತ್ತನ್ನು ಬಿಟ್ಟು ಹನ್ನೊಂದನೆಯದನ್ನು ಹಿಡಿಯುವುದಿಲ್ಲ. ಹಾಗೆಂದು ಅದನ್ನು ಮುಚ್ಚಿಡುವುದೂ ಇಲ್ಲ. ಜೀವಿಗಳಲ್ಲಿ ವ್ಯತ್ಯಾಸ ಸಹಜ. ನೂರರಲ್ಲಿ ಒಂದು ಹಾವಿಗೆ ಪಟ್ಟಿ ಇಡಿಯಾಗಿರಬಹುದು. ಒಂದೇ ಗುರುತಿನ ಮೇಲೆ ತೀರ್ಮಾನವನ್ನು ನಿಲ್ಲಿಸಬಾರದು. ತೀರ್ಮಾನವಾಗುವವರೆಗೆ ಹಾವನ್ನು ವಿಷದ್ದೆಂದೇ ಎಣಿಸಬೇಕು. ವಿಷವಿಲ್ಲದ್ದನ್ನು ವಿಷದ್ದೆಂದು ತಿಳಿದರೆ ನಷ್ಟವೇನೂ ಇಲ್ಲ. ವಿಷದ್ದನ್ನು ಸಾಧುವೆಂದು ತಿಳಿದರೆ ತಿದ್ದಿಕೊಳ್ಳಲು ಅವಕಾಶವೇ ಉಳಿಯದು.

ತಜ್ಞರಿಗೇ ಹೀಗಾದರೆ ಕಾಡಂಚಿನ ರೈತನ ಪಾಡೇನು? ಹಾವಿನ ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಯ ಮೇಲ್ದರ್ಜೆಗೆ ಸೇರಿಸಿತು. ಆ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿವರ್ಷ 81,000ದಿಂದ 1,38,000 ಜನ ಇದರಿಂದ ಸಾಯುತ್ತಾರೆ. ಒಂದು ಹಾವಿನ ಪ್ರತಿವಿಷ ಇನ್ನೊಂದರ ವಿಷಕ್ಕೆ ಫಲಕಾರಿಯಾಗದೆ ಹೋಗಬಹುದಾದ್ದರಿಂದ, ಯಾವ ಪ್ರದೇಶದಲ್ಲಿ ಯಾವ ಯಾವ ಹಾವುಗಳಿವೆ ಎಂಬ ನಿಖರವಾದ ತಿಳಿವಳಿಕೆ ಆಸ್ಪತ್ರೆಗೂ ಬೇಕು.

ನೋಡುವವನ ನಿಯಮಗಳು

ಮಳೆಕಾಡಿನಲ್ಲಿ ಸರೀಸೃಪಗಳನ್ನು ಅಭ್ಯಾಸಮಾಡುವವರು ಅನುಸರಿಸುವ ಕ್ರಮವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇನೆ. ಪ್ರಾಣಿಯನ್ನು ಮುಟ್ಟಬಾರದು. ಕೈಯಿಡುವ ಮುನ್ನ, ಕಾಲಿಡುವ ಮುನ್ನ ಅಲ್ಲಿ ಏನಿದೆಯೆಂದು ನೋಡಬೇಕು. ರಾತ್ರಿ ಒಬ್ಬಂಟಿಯಾಗಿ ಹೋಗಬಾರದು. ಮೊದಲು ದೂರದಿಂದ ಒಂದು ಛಾಯಾಚಿತ್ರ, ಅನಂತರ ಸಾಧ್ಯವಾದಷ್ಟು ತಲೆಯ ಪಕ್ಕದ ಮತ್ತು ಮೈಯ ನಡುಭಾಗದ ಚಿತ್ರ ತೆಗೆಯಬೇಕು. ಹುರುಪೆಗಳನ್ನು ಆಮೇಲೆ ಚಿತ್ರದಲ್ಲಿಯೇ ಎಣಿಸಬಹುದು. ದಿನ, ಹೊತ್ತು, ಸ್ಥಳ, ನೆಲದಿಂದ ಎಷ್ಟು ಎತ್ತರ, ಪ್ರಾಣಿ ಏನು ಮಾಡುತ್ತಿತ್ತು ಇವನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಅಲ್ಲಿಯ ಜನ ಅದಕ್ಕೆ ಏನೆನ್ನುತ್ತಾರೆಂದು ಕೇಳಿ ಗುರುತುಹಾಕಿಕೊಳ್ಳಬೇಕು; ಕಾಡಿನಲ್ಲಿ ಹುಟ್ಟಿ ಬೆಳೆದವನ ಕಣ್ಣಿಗೆ ಬಂದವನಿಗೆ ಕಾಣದ್ದು ಕಾಣುತ್ತದೆ. ಖಚಿತವಾಗದಿದ್ದರೆ ಖಚಿತವಿಲ್ಲವೆಂದೇ ಬರೆಯಬೇಕು. ಊಹಿಸಿ ಬರೆದ ಹೆಸರಿಗಿಂತ ಖಾಲಿ ಬಿಟ್ಟ ಜಾಗ ವಿಜ್ಞಾನಕ್ಕೆ ಹೆಚ್ಚು ಉಪಯುಕ್ತ.

ನೀಲಿ ಹಾವಿನ ಜಾಡಿಯ ಕಥೆಗೆ ಒಂದು ಕೊನೆಯುಂಟು. ಪ್ರಾಣಿಶಾಸ್ತ್ರದ ಗೆಳೆಯರು ನನ್ನ ವಿದ್ಯಾರ್ಥಿಯ ಕೈಗೆ ಒಂದು ಭೂತಗನ್ನಡಿಯನ್ನು ಕೊಟ್ಟು, ನಡುಮೈಯ ಸಾಲುಗಳನ್ನು ಎಣಿಸೆಂದರು. ಮೂರು ಸಲ ಎಣಿಸಿ ಆತ ‘ಹದಿನೈದು’ ಎಂದ. ಪುಸ್ತಕದಲ್ಲಿಯೂ ಅಷ್ಟೇ ಇತ್ತು. ಹುಡುಗನ ಮುಖ ಅರಳಿತು. ಆಗ ಗೆಳೆಯರು ಚೀಟಿಯ ಎರಡನೆಯ ಸಾಲನ್ನು ತೋರಿಸಿದರು. ಅಲ್ಲಿ ‘ಅಹೀಟುಲ್ಲ ನಸೂಟ’ ಎಂಬ ಶಾಸ್ತ್ರೀಯ ನಾಮವಿತ್ತು. 2020ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಆ ಹೆಸರು ಶ್ರೀಲಂಕೆಯ ಹಾವಿಗೆ ಮಾತ್ರ ಸಲ್ಲುತ್ತದೆ. ದಕ್ಷಿಣ ಭಾರತದ ಬಯಲಿನದು ಬೇರೆ, ಪಶ್ಚಿಮಘಟ್ಟದ ಹಸುರು ಹಾವುಗಳು ಬೇರೆ, ಅವೂ ಒಂದಲ್ಲ, ಹಲವು. ನಮ್ಮ ಜಾಡಿಯ ಹಾವು ಇವುಗಳಲ್ಲಿ ಯಾವುದು?

ಆ ಪ್ರಶ್ನೆಗೆ ಉತ್ತರ ಕೊಡಲು ಹಾವು ದೊರೆತ ಊರು ತಿಳಿದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಚೀಟಿಯನ್ನು ಬರೆದವರು ಯಾರೋ, ಊರಿನ ಹೆಸರನ್ನು ಬರೆಯಲು ಮರೆತಿದ್ದರು. ಅಂದಿನಿಂದ ನನ್ನ ವಿದ್ಯಾರ್ಥಿ, ಭೌತಶಾಸ್ತ್ರದ ಪ್ರಯೋಗದ ಪುಸ್ತಕದಲ್ಲಿಯೂ ಪ್ರತಿಯೊಂದು ಅಳತೆಯ ಮುಂದೆ ದಿನ, ಹೊತ್ತು, ಸ್ಥಳಗಳನ್ನು ತಪ್ಪದೆ ಬರೆಯುತ್ತಿದ್ದಾನೆ.